ಟೈಮ್ ಇಲ್ಲ ಅಂತ ಬರೆದವರಿಗೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ಟೈಮೇ ಸಾಕಾಗ್ತಿಲ್ಲ ಅಕ್ಕಾ' ಅಂತಲೇ ಶುರುವಾಗಿವೆ. ಇಲ್ಲಿ ಶಿರಸಿಯಲ್ಲಿ ಮಳೆ ಹಿಡಿದು ಕೂತಿದೆ, ಕರೆಂಟು ಬಂದರೆ ಬಂತು, ಹೋದರೆ ಹೋಯ್ತು. ಹಾಗಾಗಿ ಎಲ್ಲವನ್ನೂ ಎರಡೆರಡು ಸಲ ಓದೋಕಾಯ್ತು. ಎರಡನೇ ಸಲ ಓದಿದಾಗ ನನಗೆ ಬೇರೆಯೇ ಏನೋ ಕಾಣಿಸಿತು. ಅದನ್ನೇ ಇಲ್ಲಿ ಹೇಳ್ತೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದೀರಿ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನಗೆ 24 ವರ್ಷ. ಡಿಗ್ರಿ ಮುಗಿಸಿ ಮನೆಯಲ್ಲಿದ್ದುಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ಟೈಮ್‌ಟೇಬಲ್ ಹಾಕಿ, ಬಣ್ಣದ ಪೆನ್ನಲ್ಲಿ ಬರೆದು ಗೋಡೆಗೆ ಅಂಟಿಸ್ತೇನೆ. ಮೂರನೇ ದಿನಕ್ಕೆ ಹಳ್ಳ ಹಿಡಿಯುತ್ತದೆ. ಮಧ್ಯೆ ತೋಟದ ಕೆಲಸಕ್ಕೆ ಅಪ್ಪಯ್ಯ ಕರೆಯುತ್ತಾನೆ. ಇತಿಹಾಸ ಓದುವಾಗ ಅಷ್ಟೇನಿಲ್ಲ, ಲೆಕ್ಕದ ಪುಸ್ತಕ ತೆಗೆದರೆ ಸಾಕು, ಕೈ ತಂತಾನೇ ಮೊಬೈಲಿಗೆ ಹೋಗುತ್ತದೆ. ನನಗೆ ಶಿಸ್ತೇ ಇಲ್ವಾ?
– ಶಿರಸಿ ಹತ್ತಿರದ ಹಳ್ಳಿಯಿಂದ

ಉತ್ತರ: ತಮ್ಮಾ, ನಿನ್ನ ಪತ್ರದಲ್ಲಿ ಲೆಕ್ಕದ ಪುಸ್ತಕದ ಸಾಲಿಗೆ ನಾನು ಕೆಂಪು ಪೆನ್ನಲ್ಲಿ ಗೀಟು ಹಾಕಿದೆ. ಶಿಸ್ತಿಲ್ಲದವನು ಇತಿಹಾಸವನ್ನೂ ಓದಲ್ಲ. ನೀನು ಓದ್ತೀಯ. ಲೆಕ್ಕ ಬಂದಾಗ ಮಾತ್ರ ಓಡ್ತೀಯ. ಅಂದರೆ ನಿನಗೆ ಇರೋದು ಟೈಮಿನ ಸಮಸ್ಯೆ ಅಲ್ಲ. ಆ ಪುಸ್ತಕ ತೆರೆದ ಕೂಡಲೇ ಹೊಟ್ಟೆಯಲ್ಲಿ ಏನೋ ಆಗುತ್ತದೆ ನೋಡು, 'ನನಗೆ ಇದು ಬರಲ್ಲ, ಈ ಸಲವೂ ಹೋಯ್ತು, ಅಪ್ಪಯ್ಯ ಏನಂತಾನೆ' ಅನ್ನೋ ಒಂದು ಹೆದರಿಕೆ, ಅದನ್ನು ತಾಳಿಕೊಳ್ಳೋಕೆ ಆಗದೆ ಕೈ ಮೊಬೈಲಿಗೆ ಹೋಗುತ್ತದೆ. ಮೊಬೈಲ್ ನಿನಗೆ ಮಜಾ ಕೊಡ್ತಿಲ್ಲ, ಸುಮ್ನೆ ಹೆದರಿಕೆಯನ್ನು ಹತ್ತು ನಿಮಿಷ ಮುಚ್ಚಿಡ್ತಾ ಇದೆ. ಕೆಲಸ ಮುಂದೂಡುವುದರ ಬಗ್ಗೆಯೇ ವರ್ಷಾನುಗಟ್ಟಲೆ ಅಧ್ಯಯನ ಮಾಡಿರೋ ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್ ಅವರೂ ಹೇಳೋದು ಇದನ್ನೇ. ಮುಂದೂಡೋದು ಸಮಯ ನಿರ್ವಹಣೆಯ ಸೋಲಲ್ಲ, ಆ ಹೊತ್ತಿನ ಬೇಜಾರಿನಿಂದ ತಪ್ಪಿಸಿಕೊಳ್ಳೋ ದಾರಿ.

ಇದು ಗೊತ್ತಾದ ಮೇಲೆ ಟೈಮ್‌ಟೇಬಲಿಗೆ ಎಷ್ಟು ಬಣ್ಣ ಹಾಕಿದರೂ ಯಾಕೆ ಉಪಯೋಗ ಇಲ್ಲ ಅಂತ ಅರ್ಥ ಆಗುತ್ತೆ, ಅಲ್ವಾ? ಬಣ್ಣ ಹಾಕೋ ಹೊತ್ತಿಗೆ ಹೆದರಿಕೆ ಇರಲ್ಲ. ಬರೆಯುವವನು ಒಬ್ಬ, ಓದೋಕೆ ಕೂರುವವನು ಇನ್ನೊಬ್ಬ.

ಇನ್ನೊಂದು ವಿಷಯ. ನಾವೆಲ್ಲ ನಮ್ಮ ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕೋದರಲ್ಲಿ ತಪ್ಪುತ್ತೇವೆ. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನು 1979ರಲ್ಲೇ ಗುರುತಿಸಿದ್ದರು. ಆಮೇಲೆ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು 'ಎಷ್ಟು ದಿನದಲ್ಲಿ ಮುಗಿಸ್ತೀರಿ' ಅಂತ ಕೇಳಿದರು. ಸರಾಸರಿ ಸುಮಾರು 34 ದಿನ ಅಂದರು. ಆಗಿದ್ದು ಸುಮಾರು 55 ದಿನ. ತಮಾಷೆ ಏನು ಗೊತ್ತಾ, 'ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಬೇಕು' ಅಂತಲೂ ಕೇಳಿದ್ದರು. ಅದಕ್ಕೆ ಅವರು ಕೊಟ್ಟ ಉತ್ತರ ಸುಮಾರು 49. ಅದನ್ನೂ ದಾಟಿ ಹೋಯ್ತು. ಹಾಗಾಗಿ ಬೆಳಗ್ಗೆ 5ರಿಂದ ರಾತ್ರಿ 10 ಅಂತ ಬರೆದವನು ನೀನೊಬ್ಬನೇ ಅಲ್ಲ.

ಹಾಗಾದರೆ ಏನು ಮಾಡೋದು? ನಿನ್ನ ಅಪ್ಪಯ್ಯನನ್ನು ನೋಡು. ಮಳೆಗಾಲದಲ್ಲಿ ಅಡಿಕೆಗೆ ಬರೋ ಕೊಳೆರೋಗಕ್ಕೆ ಮದ್ದು ಹೊಡೆಸೋ ಕಾಲದಲ್ಲಿ ಅವನು 'ಜುಲೈ 14, ಬೆಳಗ್ಗೆ 10 ಗಂಟೆ' ಅಂತ ಗೋಡೆಗೆ ಬರೆದಿಡ್ತಾನಾ? ಇಲ್ಲ. ಮದ್ದಿಗೆ ಬೇಕಾದ ಮೈಲುತುತ್ತ, ಸುಣ್ಣ ಮೊದಲೇ ತಂದಿಟ್ಟಿರ್ತಾನೆ, 100 ಲೀಟರ್ ನೀರಿಗೆ ಒಂದೊಂದು ಕೆಜಿ ಲೆಕ್ಕದಲ್ಲಿ. ಡ್ರಮ್ಮು ತೊಳೆದಿಟ್ಟಿರ್ತಾನೆ. ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡನಿಗೆ ನಾಲ್ಕು ಸಲ ಫೋನ್ ಮಾಡಿರ್ತಾನೆ. ಆಮೇಲೆ ಜಗುಲಿಯಲ್ಲಿ ಕವಳ ಹಾಕುತ್ತಾ ಆಕಾಶ ನೋಡ್ತಾನೆ. ಮಳೆ ನಿಂತು ಹೊಳವಾಯಿತೋ, ಎದ್ದ. ಆಗ ಅವನು 'ಇವತ್ತು ಮನಸ್ಸಿದೆಯಾ' ಅಂತ ತನ್ನನ್ನೇ ಕೇಳಿಕೊಳ್ಳಲ್ಲ. ಇಂಥದ್ದು ಆದರೆ ಇಂಥದ್ದು ಮಾಡೋದು ಅಂತ ಮೊದಲೇ ತೀರ್ಮಾನ ಆಗಿದೆ, ಹೊಳವಾದ ಹೊತ್ತಲ್ಲಿ ಯೋಚನೆ ಮಾಡೋಕೆ ಏನೂ ಉಳಿದಿಲ್ಲ.

ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು 1999ರಲ್ಲಿ ಬರೆದದ್ದೂ ಇದೇ ವಿಷಯ. ಬರೀ 'ಓದ್ತೇನೆ' ಅಂದುಕೊಂಡವರಿಗಿಂತ 'ಇದಾದ ಕೂಡಲೇ ಇಲ್ಲಿ ಕೂತು ಇದನ್ನು ಮಾಡ್ತೇನೆ' ಅಂತ ಮೊದಲೇ ಗಂಟು ಹಾಕಿಕೊಂಡವರು ಹೆಚ್ಚು ಮಾಡಿ ಮುಗಿಸ್ತಾರೆ. ಅವರಿಗೆ ಕೊನೆಗೌಡ ಸಿಗದ ಸಂಕಟ ಗೊತ್ತಿಲ್ಲ, ಆದರೂ ಸರಿಯಾಗೇ ಹೇಳಿದ್ದಾರೆ.

ನಿನ್ನ ಗಂಟು ಹೀಗಿರಲಿ. ಸಂಜೆ ಚಾ ಕುಡಿದು ಲೋಟ ತೊಳೆದಿಟ್ಟ ಕೂಡಲೇ ಜಗುಲಿಯಲ್ಲಿ ಕೂತು ಎರಡು ಲೆಕ್ಕ. ಎರಡೇ. ಮೂರನೆಯದು ಮಾಡಬೇಕು ಅನ್ನಿಸಿದರೆ ಮಾಡು, ಆದರೆ ನಾಳೆಯ ಗಂಟು ಮತ್ತೆ ಎರಡಕ್ಕೇ. ಪುಸ್ತಕ, ಪೆನ್ನು, ಹಾಳೆ ಮಧ್ಯಾಹ್ನವೇ ಅಲ್ಲಿಟ್ಟಿರಬೇಕು, ಮೈಲುತುತ್ತದ ಹಾಗೆ. ಮೊಬೈಲನ್ನು ಆಯಿ ಕೈಗೆ ಕೊಡು, ಅವಳು ಆ ಹೊತ್ತಲ್ಲಿ ನಿನ್ನ ಗ್ರೂಪುಗಳಿಗೆಲ್ಲ ಹೂವಿನ ಫೋಟೋ ಕಳಿಸಿದರೂ ಪರವಾಗಿಲ್ಲ. ಹೊಟ್ಟೆಯಲ್ಲಿ ಆ ಹೆದರಿಕೆ ಬಂದೇ ಬರುತ್ತದೆ. ಬರಲಿ. ಅದು ಹೋದ ಮೇಲೆ ಲೆಕ್ಕ ಮಾಡ್ತೇನೆ ಅಂತ ಕಾಯಬೇಡ, ಅದನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡು.

ಎಷ್ಟು ದಿನಕ್ಕೆ ಅಭ್ಯಾಸ ಆಗುತ್ತೆ ಅಂತ ಕೇಳ್ತೀಯ. 21 ದಿನ ಅಂತ ಎಲ್ಲರೂ ಹೇಳ್ತಾರೆ, ನಂಬಬೇಡ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ತಂಡ 96 ಜನರನ್ನು ಇಟ್ಟುಕೊಂಡು ನೋಡಿದಾಗ ಸರಾಸರಿ ಬಂದಿದ್ದು 66 ದಿನ. ಕೆಲವರಿಗೆ 18 ದಿನ ಸಾಕಾಯ್ತು, ಕೆಲವರ ಲೆಕ್ಕ 254ಕ್ಕೆ ಹೋಯ್ತು. ನಿನಗೆ ಬೇಕಾದ ಮಾತು ಅದೇ ಅಧ್ಯಯನದಲ್ಲಿದೆ: ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳೋ ಅಂಥ ನಷ್ಟ ಏನೂ ಆಗಲಿಲ್ಲ. ಮೂರನೇ ದಿನ ತಪ್ಪಿದರೆ ನಾಲ್ಕನೇ ದಿನ ಕೂರು. ಹೊಸ ಟೈಮ್‌ಟೇಬಲ್ ಬರೀಬೇಡ.

ಕೊಯ್ಲಿನ ತಿಂಗಳುಗಳ ಬಗ್ಗೆ ಒಂದು ಮಾತು. ಹಗಲೆಲ್ಲ ಅಡಿಕೆ ಕೊನೆ ಹೊತ್ತು ರಾತ್ರಿ ಅದನ್ನು ಸುಲಿದು ಬಂದವನು ಎಂಟು ಗಂಟೆ ಓದ್ತೇನೆ ಅಂತ ಬರೆದರೆ ಅದು ಸುಳ್ಳು ಲೆಕ್ಕ. ಆ ಎರಡು ತಿಂಗಳಿಗೆ ಗುರಿಯನ್ನೇ ಇಳಿಸಿಕೋ. ಅಪ್ಪಯ್ಯನ ಹತ್ತಿರ ಈಗಲೇ ಕೂತು ಮಾತಾಡು, ಕೊಯ್ಲು ಶುರುವಾದ ಮೇಲೆ ಅಲ್ಲ. ಆಗ ಅವನಿಗೂ ತಲೆ ಬಿಸಿ ಇರುತ್ತದೆ.

ಪ್ರಶ್ನೆ: ಸದಾಶಿವಗಡದಲ್ಲಿ ಮನೆ, ಕಾರವಾರದಲ್ಲಿ ಆಫೀಸು. ಸಂಜೆ ಮನೆಗೆ ಬರುವಾಗ ಆರೂವರೆ. ಬಾಗಿಲಲ್ಲೇ ಇಬ್ಬರು ಮಕ್ಕಳು ಜಗಳ ಶುರು ಮಾಡಿರ್ತಾರೆ. ನಾನು ಕೂಗಾಡ್ತೇನೆ. ಒಂದೆರಡು ಸಲ ಹೊಡೆದೂ ಇದ್ದೇನೆ. ರಾತ್ರಿ ಅವರು ಮಲಗಿದ ಮೇಲೆ ಅಳ್ತೇನೆ. ಒಂದು ಸಲ ಕೂಗಿ ಹಗುರಾಗು ಅಂತಾಳೆ ಗೆಳತಿ. ಸಿಟ್ಟನ್ನು ಹತೋಟಿಯಲ್ಲಿಡೋದು ಹೇಗೆ? ಯೋಗಕ್ಕೆ ಸೇರೋಣ ಅಂದರೆ ಟೈಮ್ ಇಲ್ಲ.
– ಕಾರವಾರ

ಉತ್ತರ: ಮೊದಲು ಒಂದು ಮಾತು ಕೇಳ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಊಟ ಮಾಡಿದ ಮೇಲೆ ಆರೂವರೆ ತನಕ ಹೊಟ್ಟೆಗೆ ಏನು ಹಾಕಿದ್ದೀರಿ? ನಗಬೇಡಿ. ನನಗೆ ಸಿಟ್ಟಿನ ಬಗ್ಗೆ ಬರೆಯುವ ಹೆಂಗಸರಲ್ಲಿ ತುಂಬಾ ಜನ ಹಸಿದವರು. ಚೀಲದಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಳ್ಳಿ, ಇಲ್ಲಾಂದ್ರೆ ಒಂದು ಮುಷ್ಟಿ ಶೇಂಗಾ. ಬಸ್ಸಲ್ಲೇ ತಿನ್ನಿ, ಮಕ್ಕಳಿಗೆ ಅಂತ ಉಳಿಸಬೇಡಿ.

ಆಮೇಲೆ ಸಿಟ್ಟಿನ ವಿಷಯ. ನಮ್ಮ ಕಡೆ ಎಲ್ಲದಕ್ಕೂ ಒಂದೇ ಮಾತಿದೆ, 'ತಲೆಬಿಸಿ'. ಸಾಲ ಇದ್ದರೂ ತಲೆಬಿಸಿ, ಅತ್ತೆ ಮಾತಾಡದಿದ್ದರೂ ತಲೆಬಿಸಿ, ಗ್ಯಾಸ್ ಖಾಲಿಯಾದರೂ ತಲೆಬಿಸಿ. ಒಳಗೆ ಏನಾಗ್ತಿದೆ ಅಂತ ನೋಡೋ ಮೊದಲೇ ಮುಚ್ಚಳ ಹಾಕಿ ಬಿಡ್ತೇವೆ. ಮನೆಗೆ ಬರುವ ದಾರಿಯಲ್ಲಿ ಕಾಳಿ ಹೊಳೆಯ ಸೇತುವೆ ದಾಟುವಾಗ ಆ ಮುಚ್ಚಳ ತೆಗೆದು ನೋಡಿ. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದ ಮೇಲೆ ಆ ದಾರಿಯಲ್ಲಿ ಹೋಗುವ ಯಾರಿಗಾದರೂ ಯೋಚನೆ ಮಾಡೋಕೆ ಬೇಕಾದ್ದು ಸಿಗುತ್ತದೆ ಬಿಡಿ. ಆದರೂ ಆ ಎರಡು ನಿಮಿಷ ಹೊಳೆ ನೋಡುತ್ತಾ ನಿಮ್ಮಷ್ಟಕ್ಕೆ ಹೇಳಿಕೊಳ್ಳಿ: ಇವತ್ತು ಆಗಿದ್ದು ಅವಮಾನ. ಎಲ್ಲರೆದುರು ಸಾಹೇಬರು ಫೈಲು ಮೇಜಿನ ಮೇಲೆ ಎಸೆದರು. ಅಥವಾ, ಇವತ್ತು ಬರೀ ಸುಸ್ತು. ಅಥವಾ, ಹೆದರಿಕೆ, ಮಗನ ಟೆಸ್ಟಿನ ಮಾರ್ಕ್ಸ್ ನೆನಪಾಗಿ.

ಹೆಸರಿಟ್ಟರೆ ಏನಾಗುತ್ತೆ ಅಂತೀರಾ? ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಇದನ್ನು ಮೆದುಳಿನ ಸ್ಕ್ಯಾನ್ ಮಾಡಿ ನೋಡಿತು. ಸಿಟ್ಟಿನ, ಹೆದರಿಕೆಯ ಮುಖಗಳ ಫೋಟೋ ತೋರಿಸಿ, ಆ ಭಾವನೆಗೆ ಒಂದು ಪದ ಹೇಳಿಸಿದಾಗ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಅನ್ನೋ ಬಾದಾಮಿಯಂಥ ಭಾಗದ ಗಲಾಟೆ ಕಡಿಮೆಯಾಯಿತು. ಅವಮಾನ ಅಂತ ಹೆಸರಿಟ್ಟರೆ ಅದು ಮಾಯ ಆಗಲ್ಲ. ಆದರೆ ಅದು ಸಾಹೇಬರದ್ದು, ಮಕ್ಕಳದ್ದಲ್ಲ ಅನ್ನೋದಾದರೂ ಬಾಗಿಲು ತೆಗೆಯುವ ಮೊದಲು ನೆನಪಾಗುತ್ತದೆ.

'ಒಂದು ಸಲ ಕೂಗಿ ಹಗುರಾಗು' ಅಂತ ನಿಮ್ಮ ಗೆಳತಿ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅದು ತಪ್ಪು ಸಲಹೆ. ಬ್ರಾಡ್ ಬುಷ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು 2002ರಲ್ಲಿ ಸಿಟ್ಟು ಬಂದವರಿಗೆ ಗುದ್ದುವ ಚೀಲ ಕೊಟ್ಟು ನೋಡಿದರು. ಸಿಟ್ಟು ಬರಿಸಿದವನನ್ನೇ ನೆನೆಸಿಕೊಂಡು ಗುದ್ದಿದವರಲ್ಲೇ ಕೊನೆಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿತ್ತು. ಸುಮ್ಮನೆ ಎರಡು ನಿಮಿಷ ಕೂತವರೇ ವಾಸಿ ಇದ್ದರು.

ಹೊಡೆದಿದ್ದಕ್ಕೆ ಮಕ್ಕಳ ಹತ್ತಿರ ತಪ್ಪಾಯ್ತು ಅಂತ ಹೇಳಿದ್ದೀರಾ? ಪತ್ರದಲ್ಲಿ ಇಲ್ಲ. ಅವರು ಮಲಗಿದ ಮೇಲೆ ಅತ್ತರೆ ಅವರಿಗೆ ಗೊತ್ತಾಗಲ್ಲ. ಎಚ್ಚರ ಇರುವಾಗ ಹೇಳಿ. 'ಆಯಿಗೆ ಆಫೀಸಲ್ಲಿ ಬೇಜಾರಾಗಿತ್ತು, ನಿನಗೆ ಹೊಡೆದೆ, ಅದು ನಿನ್ನ ತಪ್ಪಲ್ಲ.' ಇಷ್ಟು ಸಾಕು. ಕೊನೆಗೆ 'ಆದರೆ ನೀನೂ...' ಅಂತ ಬಾಲ ಸೇರಿಸಬೇಡಿ. ಯೋಗಕ್ಕೆ ಆಮೇಲೆ ಸೇರಿದರಾಯ್ತು.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ತಿಂಗಳಾಯ್ತು. ವಯಸ್ಸು 27. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರಲ್ಲ. ಮೊದಲು ಎಷ್ಟು ದೂರ ಯಕ್ಷಗಾನದ ಆಟ ಇದ್ದರೂ ಬೈಕ್ ಹತ್ತಿ ಹೋಗ್ತಿದ್ದೆ, ಈಗ ಪಕ್ಕದ ಊರಲ್ಲಿ ಚಂಡೆ ಕೇಳಿದರೂ ಏಳೋಕೆ ಮನಸ್ಸಿಲ್ಲ. ದಿನವಿಡೀ ಮಲಗಿರ್ತೇನೆ. ಒಳ್ಳೆಯ ದಿನಚರಿ ಹೇಗೆ ಹಾಕಿಕೊಳ್ಳಲಿ? ಗುರಿ ಹೇಗೆ ಇಟ್ಟುಕೊಳ್ಳಲಿ?
– ಸಿದ್ದಾಪುರ

ಉತ್ತರ: ದಿನಚರಿಯ ಮಾತು ಈಗ ಬೇಡ. ಗುರಿಯದ್ದೂ ಬೇಡ. ನಿದ್ದೆ, ಹಸಿವು, ಇಷ್ಟದ ಯಕ್ಷಗಾನ ಮೂರೂ ಒಟ್ಟಿಗೇ ದೂರವಾಗಿ ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಬೇಕು. ನಿಮಗೆ ಎರಡು ತಿಂಗಳಾಗಿದೆ. ಇದು ಸೋಮಾರಿತನ ಅಲ್ಲ, ಖಿನ್ನತೆ ಇರಬಹುದು. ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು, ನಾನಲ್ಲ. ಜ್ವರ ಬಂದು ಎರಡು ತಿಂಗಳು ಮಲಗಿದ್ದರೆ ನೀವು ನನಗೆ ಪತ್ರ ಬರೀತಿರಲಿಲ್ಲ, ಆಸ್ಪತ್ರೆಗೆ ಹೋಗ್ತಿದ್ದಿರಿ.

ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಇದೆ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಧ್ಯರಾತ್ರಿ ಮೂರಕ್ಕೆ ಎಚ್ಚರ ಆದಾಗಲೂ. ಬದುಕೇ ಸಾಕು ಅಂತ ಒಂದು ಕ್ಷಣ ಅನ್ನಿಸಿದರೂ ಬೆಳಗಾಗಲಿ ಅಂತ ಕಾಯಬೇಡಿ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸಿ. ಆಸ್ಪತ್ರೆಗೆ ಒಬ್ಬರೇ ಹೋಗಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಹೇಳೋಕೆ ಮಾತು ಬರಲ್ಲ ಅಂತಾದರೆ ನನಗೆ ಬರೆದ ಪತ್ರವನ್ನೇ ಡಾಕ್ಟರಿಗೆ ತೋರಿಸಿ, ಅದರಲ್ಲಿ ಎಲ್ಲ ಇದೆ. ಆಮೇಲೆ ನನಗೂ ಎರಡು ಸಾಲು ಬರೀರಿ.

ಪ್ರಶ್ನೆ: ನಾನು ಬೋಟಿನಲ್ಲಿ ಕೆಲಸ ಮಾಡ್ತೇನೆ, 31 ವರ್ಷ. ಪ್ರತಿ ವರ್ಷ ಮೀನುಗಾರಿಕೆ ಬಂದ್ ಆದಾಗ ಡೀಸೆಲ್ ಎಂಜಿನ್ ರಿಪೇರಿ ಕಲಿಯಬೇಕು ಅಂದುಕೊಳ್ತೇನೆ. ಈ ಸಲವೂ 61 ದಿನ ಹೇಗೆ ಹೋಯ್ತೋ ಗೊತ್ತಿಲ್ಲ. ಇನ್ನು ಮುಂದಿನ ಜೂನ್.
– ಹೊನ್ನಾವರ

ಉತ್ತರ: 61 ದಿನ ಅಂದರೆ ಜೂನ್ 1ರಂದು ಸಮುದ್ರದಷ್ಟು ದೊಡ್ಡದಾಗಿ ಕಾಣುತ್ತದೆ, ಅದೇ ಮೋಸ. ಎಷ್ಟು ಟೈಮ್ ಇದೆಯೋ ಅಷ್ಟಕ್ಕೂ ಕೆಲಸ ಹಿಗ್ಗುತ್ತದೆ ಅಂತ ಪಾರ್ಕಿನ್ಸನ್ ಅನ್ನೋರು 1955ರಲ್ಲೇ ಬರೆದಿದ್ದರು. ಬಲೆ ಹೆಣೆಯೋದು, ಮನೆಗೆ ಹಂಚು ಸರಿಮಾಡೋದು, ನೆಂಟರ ಮನೆ, ಮುಗೀತು ಜುಲೈ. ಈ ಕೆಲಸಗಳನ್ನೂ ನೀವು ಲೆಕ್ಕಕ್ಕೆ ಹಿಡಿದಿಲ್ಲ, ಸುಮ್ನೆ ಕಾಲ ಕಳೆದೆ ಅಂತ ಬೈದುಕೊಂಡಿದ್ದೀರಿ. ಅದು ಸರಿಯಲ್ಲ.

ಆದರೆ ಮುಂದಿನ ಜೂನ್ ಯಾಕೆ? ಗಾಳಿ ಎದ್ದು ಬೋಟು ದಕ್ಕೆಯಲ್ಲೇ ನಿಲ್ಲೋ ದಿನ ಎಷ್ಟು ಇರಲ್ಲ! ಮೇಲೆ ಶಿರಸಿ ತಮ್ಮನಿಗೆ ಹೇಳಿದ್ದನ್ನೇ ತಿರುಗಿಸಿ ಹಾಕಿಕೊಳ್ಳಿ. ಅವರಿಗೆ ಮಳೆ ಹೊಳವಾದರೆ ಕೆಲಸ, ನಿಮಗೆ ಗಾಳಿ ಎದ್ದರೆ ಕೆಲಸ. ಬೋಟು ಹೊರಡದ ದಿನ ಬೆಳಗ್ಗೆ ಸೀದಾ ಎಂಜಿನ್ ಮೇಸ್ತ್ರಿ ಹತ್ತಿರ. ಅವರಿಗೆ ಈಗಲೇ ಹೋಗಿ ಹೇಳಿಟ್ಟು ಬನ್ನಿ, 'ಬೋಟು ನಿಂತ ದಿನ ನಾನು ಬರ್ತೇನೆ, ಸ್ಪ್ಯಾನರ್ ಕೊಡೋಕಾದರೂ ಇಟ್ಟುಕೊಳ್ಳಿ' ಅಂತ. ಹೋಗದಿದ್ದರೆ ಅವರೇ ಮೀನು ಮಾರ್ಕೆಟ್ಟಲ್ಲಿ ಸಿಕ್ಕಿ ಕೇಳ್ತಾರೆ. ಆ ನಾಚಿಕೆಯೂ ಸ್ವಲ್ಪ ಕೆಲಸ ಮಾಡಲಿ.

ಪ್ರಶ್ನೆ: ನಿವೃತ್ತ ಶಿಕ್ಷಕ, ವಯಸ್ಸು 62. ಹಾರ್ಮೋನಿಯಂ ಕಲಿಯುವ ಆಸೆ. ಈ ವಯಸ್ಸಿನಲ್ಲಿ ಸಾಧ್ಯವೇ? ಊರಲ್ಲಿ ಕಲಿಸುವವನು ಒಬ್ಬನೇ, ಅವನು ನನ್ನ ಹಳೇ ವಿದ್ಯಾರ್ಥಿ.
– ಕುಮಟಾ

ಉತ್ತರ: ಮಾಸ್ತರೇ, ಇದು ವಯಸ್ಸಿನ ಪ್ರಶ್ನೆ ಅಲ್ಲ ಅಲ್ವಾ? ನಿಮ್ಮ ಎರಡನೇ ವಾಕ್ಯದ ತೊಂದರೆ ಕೊನೆಯ ವಾಕ್ಯದಲ್ಲಿದೆ. ಅವನ ಎದುರು ತಪ್ಪು ಸ್ವರ ಒತ್ತಬೇಕಲ್ಲ ಅನ್ನೋ ನಾಚಿಕೆ. ಅವನು ನಿಮ್ಮೆದುರು ಎಷ್ಟು ಸಲ ಹದಿಮೂರರ ಮಗ್ಗಿ ತಪ್ಪು ಹೇಳಿರಬಹುದು! ಈಗ ಅವನ ಸರದಿ. ಹೋಗಿ ಕೂರಿ. ಬೆತ್ತ ಮಾತ್ರ ಅವನ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಅಕ್ಕಾ, ಎಲ್ಲರಿಗೂ ಬುದ್ಧಿ ಹೇಳ್ತೀರಿ. ನೀವು ಇದನ್ನೆಲ್ಲ ಮಾಡ್ತೀರಾ?
– ಯಲ್ಲಾಪುರ

ಉತ್ತರ: ಈ ಅಂಕಣ ಸೋಮವಾರ ಕೊಡಬೇಕಿತ್ತು. ಇವತ್ತು ಗುರುವಾರ. ಸಂಪಾದಕರು ಎರಡು ಸಲ ಫೋನ್ ಮಾಡಿದರು, ಒಂದು ಸಲ ನೆಟ್‌ವರ್ಕ್ ಇಲ್ಲ ಅಂದೆ, ಇತ್ತು. ಈ ಮೂರು ದಿನದಲ್ಲಿ ನಾನು ಉಪ್ಪಿನಕಾಯಿ ಭರಣಿಗಳನ್ನೆಲ್ಲ ಒರೆಸಿ ಇಟ್ಟೆ, ಕಪಾಟಿನ ಹಳೆ ಪೇಪರ್ ಬದಲಿಸಿದೆ, ಯಾರೂ ಕೇಳದಿದ್ದರೂ ಹಾಳೆಯಷ್ಟು ತೆಳು ಸಿಹಿ ತೊಡೆದೇವು ಮಾಡೋಕೆ ಹೊರಟು ಅದನ್ನೂ ಹರಿದು ಹಾಕಿದೆ. ಟೈಮ್ ಇರಲಿಲ್ಲ ಅಂತ ಹೇಳಿಕೊಳ್ತಿದ್ದೆ. ಶಿರಸಿ ತಮ್ಮನಿಗೆ, ಮಾಸ್ತರಿಗೆ ಉತ್ತರ ಸೋಮವಾರವೇ ಬರೆದಾಗಿತ್ತು. ಮುಟ್ಟದೆ ಉಳಿದಿದ್ದು ಸಿದ್ದಾಪುರದ ಪತ್ರ ಒಂದೇ. ಒಂದು ಮಾತು ಹೆಚ್ಚುಕಮ್ಮಿ ಆದರೆ ಆ ಹುಡುಗನಿಗೆ ಏನಾಗುತ್ತದೋ ಅಂತ ಹೆದರಿಕೆ, ಅಷ್ಟೇ. ಅದಕ್ಕೆ ಅಷ್ಟು ಭರಣಿ ಒರೆಸಬೇಕಾಯ್ತು.

ಇವತ್ತು ಬೆಳಗ್ಗೆ ಅಕ್ಕಿ ತೊಳೆದು ಕುಕ್ಕರ್ ಇಟ್ಟೆ. ಮೂರು ಸೀಟಿ ಆಗೋ ತನಕ ಆ ಪತ್ರದ ಎದುರು ಕೂರೋದು ಅಂತ ಗಂಟು ಹಾಕಿಕೊಂಡೆ. ಎರಡನೇ ಸೀಟಿಗೆ ಮೊದಲ ಸಾಲು ಬಂತು. ಆಮೇಲೆ ಎಷ್ಟು ಸೀಟಿ ಆಯ್ತೋ ಲೆಕ್ಕ ಇಡಲಿಲ್ಲ, ಅನ್ನ ಮುದ್ದೆಯಾಗಿದೆ.